ಅಪ್‌ಡೇಟ್: ‘ಟಕ್’ ಸದ್ದು ಗೇರ್‌ಬಾಕ್ಸಿನದಲ್ಲ

ನನ್ನ ಆಟೋಮ್ಯಾಟಿಕ್ ಫೋರ್ ವೀಲ್ ಡ್ರೈವ್ ಗಾಡಿ ರಿವರ್ಸ್‌ನಿಂದ ಡ್ರೈವ್‌ಗೆ ಹಾಕಿದಾಗ ‘ಟಕ್’ ಅನ್ನುತ್ತೆ, 80 ಕಿ.ಮೀ. ಸ್ಪೀಡಿನ ಹತ್ತಿರ ಅದುರುತ್ತೆ ಅಂತ ಕೇಳಿದ್ದೆನಲ್ಲ? ಗೇರ್‌ಬಾಕ್ಸ್ ಹೋಗಿದೆ ಅಂದವರೇ ಜಾಸ್ತಿ. ನನಗೂ ಎದೆ ಹೊಡೆದುಕೊಳ್ಳುತ್ತಿತ್ತು.

ಬಳ್ಳಾರಿಯ ಮೆಕ್ಯಾನಿಕ್ ಅಣ್ಣ ಮೊದಲು ಗೇರ್‌ಬಾಕ್ಸ್ ಆಯಿಲ್ ನೋಡಿದರು. ಕೆಂಪಗೇ ಇತ್ತು, ಸುಟ್ಟ ವಾಸನೆ ಇಲ್ಲ. ಸ್ಕ್ಯಾನರ್‌ನಲ್ಲೂ ದೋಷದ ಕೋಡ್ ಬರಲಿಲ್ಲ. ಗಾಡಿ ಎತ್ತಿ, ನ್ಯೂಟ್ರಲ್‌ಗೆ ಹಾಕಿ, ಹಿಂದಿನ ಚಕ್ರಗಳ ಕಡೆ ಶಕ್ತಿ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲೇ ಹಿಂದೆ ಮುಂದೆ ತಿರುಗಿಸಿದರು. ಡಿಫರೆನ್ಷಿಯಲ್ (ಎರಡೂ ಹಿಂದಿನ ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಕಡೆಯ ಕ್ರಾಸ್, ಅಂದರೆ ಶಾಫ್ಟ್ ಓರೆಯಾಗಿಯೂ ತಿರುಗಲು ಬಿಡುವ ಕೀಲು, ಲೂಸು! ಬಿಚ್ಚಿದರೆ ಅದರ ಬೇರಿಂಗ್ ಕಪ್‌ನಲ್ಲಿ ಗ್ರೀಸೇ ಇಲ್ಲ, ಸೂಜಿ ಬೇರಿಂಗ್ ಸವೆದು ಕಂದು ಪುಡಿ ಉದುರಿತು. ಸಂಡೂರು ಕಡೆ ಅದಿರಿನ ಧೂಳಲ್ಲೇ ಓಡಾಟ ಅಲ್ವಾ. ಶಾಫ್ಟ್ ಇಳಿಸುವ ಮೊದಲು ಅವರು ಪೇಂಟಿನಲ್ಲಿ ಗುರುತು ಹಾಕಿಕೊಂಡಿದ್ದು ತುಂಬಾ ಇಷ್ಟವಾಯಿತು. ಅದೇ ಜಾಗಕ್ಕೆ ಕೂರಿಸದಿದ್ದರೆ ಬ್ಯಾಲೆನ್ಸ್ ತಪ್ಪಬಹುದು. ಹೊಸ ಕ್ರಾಸ್ ಹಾಕಿದ ಮೇಲೆ ಸದ್ದೂ ಇಲ್ಲ, ಅದುರುವುದೂ ಇಲ್ಲ.

ಇನ್ನೊಂದು ದೂರಿತ್ತು: ಫೋರ್ ಹೈನಲ್ಲಿ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮೋಡ್) ಡಾಂಬರು ರಸ್ತೆಯಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಗಾಡಿ ಜಗ್ಗುತ್ತೆ. ಅದು ದೋಷ ಅಲ್ಲವಂತೆ. ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಉರುಳಬೇಕು, ಆದರೆ ಬೇಕಾದಾಗ ಮಾತ್ರ ಫೋರ್ ವೀಲ್ ಹಾಕುವ ನಮ್ಮಂಥ ಪಾರ್ಟ್ ಟೈಮ್ ಗಾಡಿಯಲ್ಲಿ, ಮುಂದಿನ ಹಿಂದಿನ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಷಿಯಲ್ ಇಲ್ಲ. ಒಣ ರಸ್ತೆಯಲ್ಲಿ ಟೂ ವೀಲ್ ಡ್ರೈವ್, ಕೆಸರು ಮರಳಿನಲ್ಲಿ ಮಾತ್ರ ಫೋರ್ ಹೈ. ಕ್ರಾಸ್ ನೋಡಿಸಿ ಅಂದಿದ್ದವರಿಗೆ ತುಂಬಾ ಥ್ಯಾಂಕ್ಸ್.