ಸಹಾಯ ಬೇಕು: ಈ ಬರ್ಬೆರಿ ಅಂಗಿ ಅಸಲಿಯೋ ನಕಲಿಯೋ?

ಎಲ್ಲರಿಗೂ ಶರಣು. ನಾನು ಕಲಬುರಗಿಯವಳು. ಬರೋ ಸೋಮವಾರ ಶರಣಬಸವೇಶ್ವರ ಗುಡಿಯಲ್ಲಿ ಮಗನ ಜವಳ. ಒಂದಾದರೂ ಒಳ್ಳೆ ಅಂಗಿ ಇರಲಿ ಅಂತ ಆನ್‌ಲೈನ್‌ನಲ್ಲಿ ಬರ್ಬೆರಿ ಅನ್ನೋ ದುಬಾರಿ ವಿದೇಶಿ ಬ್ರ್ಯಾಂಡಿನ ಚೆಕ್ಸ್ ಅಂಗಿ ತರಿಸಿದೆ. 2,200 ರೂಪಾಯಿ. ಅಷ್ಟಕ್ಕೆ ಅದು ಎಲ್ಲಿ ಸಿಗುತ್ತೆ ಅಂತ ಆಗಲೇ ಹೊಳೆಯಬೇಕಿತ್ತು. ಆಸೆ ನೋಡಿ!

ಬಂದ ಮೇಲೆ ಅನುಮಾನ ಶುರುವಾಗಿದೆ. ಜೇಬಿನ ಗೆರೆ ಅಂಗಿಯ ಗೆರೆಗೆ ಕೂಡುತ್ತಿಲ್ಲ, ಅರ್ಧ ಬೆರಳು ಸರಿದಿದೆ. ಒಳಗಿನ ಲೇಬಲ್‌ನಲ್ಲಿ ಕಾಟನ್ ಅನ್ನೋ ಪದದಲ್ಲೇ ಒಂದು ಅಕ್ಷರ ಇಲ್ಲ. ಒದ್ದೆ ಬಟ್ಟೆಯಿಂದ ಉಜ್ಜಿದರೆ ಕೆಂಪು ಬಣ್ಣ ಬಿಡುತ್ತಿದೆ. ಮಗು ತೋಳನ್ನು ಬಾಯಿಗೆ ಹಾಕಿಕೊಳ್ಳುತ್ತೆ, ನನಗೆ ಅದೇ ಚಿಂತೆ. ನಮ್ಮತ್ತೆಯಂತೂ "ಸೂಪರ್ ಮಾರ್ಕೆಟ್‌ನಾಗ ಮುನ್ನೂರಕ್ಕ ಸಿಗ್ತಿತ್ತಲ್ಲವ್ವ" ಅಂತ ನಗುತ್ತಿದ್ದಾರೆ.

ಮಾರಿದವರ ಪುಟದಲ್ಲಿ ವಿಳಾಸವೇ ಇಲ್ಲ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಇರಲೇಬೇಕು ಅಲ್ವಾ? ಕೇಳಿದರೆ "ಸೇಲ್ ಮಾಲು, ವಾಪಸ್ ಇಲ್ಲ" ಅಂತಾರೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದುಡ್ಡು ವಾಪಸ್ ಪಡೆದವರು ಇದ್ದೀರಾ? ಏನೇನು ಕೇಳ್ತಾರೆ? ಟ್ಯಾಗ್ ಇನ್ನೂ ಕಿತ್ತಿಲ್ಲ, ಪಾರ್ಸಲ್ ಬಿಚ್ಚಿದ ವಿಡಿಯೋ ಇದೆ. ಅಸಲಿ ಅಂಗಿ ಕೈಯಲ್ಲಿ ಹಿಡಿದು ನೋಡಿದವರು ಗುಂಡಿ, ಹೊಲಿಗೆ ಹೇಗಿರುತ್ತೆ ಅಂತಾನೂ ಹೇಳಿ. ಸೋಮವಾರದೊಳಗೆ ಗೊತ್ತಾದರೆ ಬೇರೆ ಅಂಗಿ ತರಬಹುದು.