ಎಲ್ಲ ತಪ್ಪನ್ನೂ ಲೋರಿ ತಲೆಗೆ ಕಟ್ಟಬೇಡಿ

ಅಣ್ಣ: (ವಿಡಿಯೊ) ಹೆಣಗಳು ಎದ್ದು ಓಡಾಡೋ ಅಮೆರಿಕನ್ ಸೀರಿಯಲ್ ‘ದಿ ವಾಕಿಂಗ್ ಡೆಡ್’, ಮೂರನೇ ಸೀಸನ್, ಎಲ್ಲರೂ ಜೈಲಿನಲ್ಲಿ ಅಡಗಿರೋ ದೃಶ್ಯ. ಲೋರಿ ಅಷ್ಟೆಲ್ಲ ಮಾಡಿದ ಮೇಲೂ ಗಂಡ ರಿಕ್ ಅವಳನ್ನು ಕಾಪಾಡುತ್ತಾನಲ್ಲ, ಅದೇ ದೊಡ್ಡದು.

ಅತ್ತಿಗೆ: ಅವಳೇನು ಮಾಡಿದಳು ರೀ? ಗಂಡ ಸತ್ತ ಅಂತ ಅವನ ಗೆಳೆಯ ಶೇನ್ ಬಂದು ಹೇಳಿದ. ನಂಬಿ ಶೇನ್ ಜೊತೆಯಾದಳು. ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದವನು ಎದ್ದು ಬರುತ್ತಾನೆ ಅಂತ ಯಾರಿಗೆ ಗೊತ್ತಿತ್ತು?

ಅಣ್ಣ: ಅದು ಬಿಡು. ಶೇನ್ ಅಪಾಯದ ಮನುಷ್ಯ ಅಂತ ರಿಕ್ ಕಿವಿ ಊದಿದವಳು ಅವಳೇ. ಅವನು ಶೇನ್‌ನ ಕೊಂದು ಬಂದಾಗ ಹಿಂದೆ ಸರಿದವಳೂ ಅವಳೇ.

ಮಾವ: ಹೆಣಗಳು ಎದ್ದು ಓಡಾಡೋ ಕಾಲ. ಗಂಡ ಹೆಂಡತಿ ಮುನಿಸಿಗೆ ಪುರುಸೊತ್ತೆಲ್ಲಿದೆ? ಮಗ ಉಳಿಯಬೇಕು, ಊಟ ಸಿಗಬೇಕು. ರಿಕ್ ಮಾಡಿದ್ದೇ ಸರಿ.

ನಾನು: ಮಾವ, ಮುನಿಸು ಆಮೇಲೆ ಹುಟ್ಟಿದ್ದಲ್ಲ. 2010ರ ಮೊದಲ ಎಪಿಸೋಡ್ ನೋಡಿ. ಲೋಕ ಇನ್ನೂ ಸರಿಯಾಗಿಯೇ ಇದೆ. ಪೊಲೀಸ್ ಕಾರಿನಲ್ಲಿ ಕೂತು ರಿಕ್ ಶೇನ್ ಹತ್ತಿರ ಮನೆಯ ಗೋಳು ಹೇಳಿಕೊಳ್ಳುತ್ತಾನೆ. ನಮ್ಮ ಬಗ್ಗೆ ನಿನಗೆ ಕಾಳಜಿ ಇದೆಯಾ ಅಂತ ಲೋರಿ ಮಗನ ಎದುರೇ ಕೇಳಿರುತ್ತಾಳೆ.
ಇನ್ನು ಅಣ್ಣ ಹೇಳಿದ ಜೈಲು. ಗುಂಪಿನ ಹಿರಿಯ ಹರ್ಷೆಲ್ ಕಾಲಿಗೆ ವಾಕರ್, ಅಂದರೆ ಎದ್ದು ಓಡಾಡೋ ಹೆಣ, ಕಚ್ಚುತ್ತದೆ. ಸೋಂಕು ಏರದಿರಲಿ ಅಂತ ರಿಕ್ ಕೊಡಲಿಯಲ್ಲಿ ಕಾಲು ಕತ್ತರಿಸುತ್ತಾನೆ. ಮುದುಕನ ಉಸಿರು ನಿಂತಾಗ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟವಳು ತುಂಬು ಗರ್ಭಿಣಿ ಲೋರಿ. ಆಮೇಲೆ ರಿಕ್ ಅವಳ ಹೆಗಲ ಮೇಲೆ ಕೈ ಇಡುತ್ತಾನೆ. ನೀನು ಮಾಡಿದ್ದಕ್ಕೆ ನಾವೆಲ್ಲ ಋಣಿ ಅನ್ನೋ ಅರ್ಥದಲ್ಲಿ ಏನೋ ಹೇಳಿ ಹೊರಟೇಬಿಡುತ್ತಾನೆ. ಊರಿನ ನರ್ಸಮ್ಮನಿಗೆ ಥ್ಯಾಂಕ್ಸ್ ಹೇಳಿದ ಹಾಗೆ!

ಅಣ್ಣ: ಕೈಯಾದರೂ ಇಟ್ಟನಲ್ಲ.

ನಾನು: ಅಣ್ಣಾ, ಅವನಿಗೂ ಶೇನ್‌ಗೂ ತಂದಿಟ್ಟವಳು ನಾನೇ ಅಂತ ಅವಳು ಹರ್ಷೆಲ್ ಹತ್ತಿರ ಒಪ್ಪಿಕೊಳ್ಳುತ್ತಾಳೆ. ಗಂಡನಿಗೇ ಹೇಳೋಣ ಅಂದರೆ ಅವನು ನಿಂತು ಕೇಳಬೇಕಲ್ವಾ? ಯಾವಾಗಲೂ ಇನ್ನೊಂದು ಬಾಗಿಲು ತೆರೆಯಬೇಕು, ಇನ್ನೊಂದು ಬೇಲಿ ನೋಡಬೇಕು. ಕೆಲಸ ನಿಜವೇ. ಆದರೆ ಅದರ ಹಿಂದೆ ಅವಿತುಕೊಂಡಿದ್ದೂ ನಿಜ.

ತಂಗಿ: ನಾಲ್ಕನೇ ಎಪಿಸೋಡಲ್ಲಿ ಹರ್ಷೆಲ್ ಊರುಗೋಲು ಹಿಡಿದು ನಡೆಯುತ್ತಾನಲ್ಲ, ಆಗ ರಿಕ್ ಬೇಲಿಯಾಚೆ, ಲೋರಿ ಈಚೆ. ದೂರದಿಂದಲೇ ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ನಂಗೆ ಅಳುವೇ ಬಂತು. ಅಷ್ಟರಲ್ಲಿ ವಾಕರ್‌ಗಳು ನುಗ್ಗಿದವು.

ಅತ್ತಿಗೆ: ಅವತ್ತೇ ಹೆರಿಗೆಯಲ್ಲಿ ಹೋಗಿಬಿಟ್ಟಳು. ಹೊಟ್ಟೆ ಕೊಯ್ದು ಮಗು ತೆಗಿ ಅಂತ ಹರ್ಷೆಲ್ ಮಗಳು ಮ್ಯಾಗಿಗೆ ಹೇಳಿದವಳೂ ಅವಳೇ. ತಾನು ಉಳಿಯಲ್ಲ ಅಂತ ಗೊತ್ತಿದ್ದೇ ಹೇಳಿದಳು.

ಮಾವ: ಅಂದರೆ ಟೈಮೇ ಇರಲಿಲ್ಲ ಅಂತಾಯ್ತಲ್ಲ.

ನಾನು: ಒಂದು ಇಡೀ ಚಳಿಗಾಲ ಇತ್ತು ಮಾವ. ಖಾಲಿ ಮನೆಯಿಂದ ಖಾಲಿ ಮನೆಗೆ ಒಟ್ಟಿಗೇ ಅಲೆದರು. ಆಗ ಬಾಯಿ ಬಿಡಲಿಲ್ಲ. ಅವಳು ಸತ್ತ ಮೇಲೆ ಲೈನೇ ಇಲ್ಲದ ಫೋನಿನಲ್ಲಿ ಅವಳ ದನಿ ಕೇಳಿದ ಹಾಗಾಗಿ, ಪ್ರೀತಿಸುತ್ತಿದ್ದೆ ಅಂತ ಹೇಳಿಕೊಂಡ.

ಅಣ್ಣ: ಸರಿ, ಫೋನಿನ ಎಪಿಸೋಡ್ ಮತ್ತೆ ನೋಡ್ತೀನಿ. ಶೇನ್ ವಿಷಯದಲ್ಲಿ ನನ್ನ ಮಾತು ಬದಲಾಗಲ್ಲ.

ನಾನು: ಅದರಲ್ಲಿ ಅವಳ ತಪ್ಪಿದೆ, ನಾನೂ ಒಪ್ತೀನಿ. ಆಮೇಲಿನ ಮೌನವನ್ನೂ ಅವಳ ಲೆಕ್ಕಕ್ಕೇ ಬರೆಯಬೇಡ.