ಹಳೆ ಕ್ಯಾನ್ವಾಸ್‌ಗಳ ಮೇಲೆ ಹಳೆ ಹೆಸರಿದೆ, ಪ್ರದರ್ಶನಕ್ಕೆ ಏನು ಮಾಡಲಿ?

ಮಲಪ್ರಭೆ

ಎಲ್ಲರಿಗೂ ನಮಸ್ಕಾರ. ನಾನು ಬಾದಾಮಿ ಕಡೆಯವಳು. ಎಣ್ಣೆ ಬಣ್ಣದಲ್ಲಿ ಕೆಲಸ ಮಾಡುತ್ತೇನೆ. ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡು ಅಂದುಕೊಂಡು ಹೆಸರಿಟ್ಟಿದ್ದರು, ಈಗ ಆ ಹೆಸರು ನನ್ನದಲ್ಲ. ಈ ಚಳಿಗಾಲದಲ್ಲಿ ಬೆಂಗಳೂರಿನ ಒಂದು ಚಿಕ್ಕ ಗ್ಯಾಲರಿಯಲ್ಲಿ ನನ್ನ ಮೊದಲ ಏಕವ್ಯಕ್ತಿ ಪ್ರದರ್ಶನ ಇದೆ. ಎರಡು ವಿಷಯಕ್ಕೆ ತಲೆ ಕೆಟ್ಟುಹೋಗಿದೆ. ತಿಳಿದವರು ಹೇಳಿ.

ಇಡುತ್ತಿರುವುದು ಬಹುತೇಕ ನನ್ನದೇ ಮುಖದ ಚಿತ್ರಗಳು. ಧಾರವಾಡದಲ್ಲಿ ಓದುವಾಗಿನಿಂದ ಹಿಡಿದು ಈಗಿನವರೆಗೆ. ಶೇವ್ ಮಾಡಿದ ಗಂಡಸಿನ ಗದ್ದಕ್ಕೆ ಒಂದು ಬೂದು ಹಸಿರು ಛಾಯೆ ಇರುತ್ತದಲ್ಲ? ನಮ್ಮ ಮೈಬಣ್ಣಕ್ಕೆ ಅದನ್ನು ತರಬೇಕಾದರೆ ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಅನ್ನುವ ಕಡು ಕಂದು ಬೆರೆಸಿ, ಅದರ ಮೇಲೆ ಟೆರ್ ವೆರ್ಟ್ ಹಸಿರನ್ನು ತೆಳ್ಳಗೆ ಎಳೆಯಬೇಕು. ಕ್ಲಾಸಿನಲ್ಲಿ ಬೇರೆಯವರ ಮುಖ ಬರೆಯುವಾಗ ಇದನ್ನು ಕಣ್ಣು ಮುಚ್ಚಿ ಮಾಡುತ್ತಿದ್ದೆ. ನನ್ನ ಮುಖಕ್ಕೆ ಮಾತ್ರ ಒಂದು ಸಲವೂ ಹಾಕಲಿಲ್ಲ. ‘ಏನಲೇ, ಗದ್ದ ಮೇಣದ್ದು ಇದ್ದಂಗ ಐತಿ, ಕನ್ನಡಿ ನೋಡಿ ಬರಿ’ ಅಂತ ಮೇಷ್ಟ್ರು ಬೈಯುತ್ತಿದ್ದರು. ಕನ್ನಡಿ ನೋಡಿಯೇ ಬರೆಯುತ್ತಿದ್ದೆ. ಆ ಬಣ್ಣ ಇರುವ ಕಡೆ ಕಣ್ಣು ನಿಲ್ಲುತ್ತಿರಲಿಲ್ಲ, ಅಷ್ಟೇ.

ಈಗ ಗಡ್ಡದ ಕೂದಲು ತೆಗೆಯುವ ಲೇಸರ್ ಮಾಡಿಸಿಕೊಂಡು ಆ ಛಾಯೆ ಹೆಚ್ಚುಕಡಿಮೆ ಹೋಗಿದೆ. ಹೋದ ಮೇಲೆ ಅದನ್ನು ಬರೆಯಲು ಧೈರ್ಯ ಬಂತು. ಇತ್ತೀಚಿನ ಚಿತ್ರಗಳಲ್ಲಿ ಇಳಕಲ್ ಸೀರೆ, ಕಿವಿಗೆ ಜುಮುಕಿ, ಗದ್ದದ ಮೇಲೆ ಎದ್ದು ಕಾಣುವ ಬೂದು ಹಸಿರು. ಹಾಗಾಗಿ ನೀವು ಗೋಡೆ ನೋಡಿದರೆ ಎಲ್ಲ ಉಲ್ಟಾ. ಅಂಗಿ ಹಾಕಿಕೊಂಡ ಹುಡುಗನ ಮುಖ ನುಣ್ಣಗೆ, ಸೀರೆ ಉಟ್ಟವಳ ಮುಖದಲ್ಲಿ ಗಡ್ಡದ ನೆರಳು.

ಗ್ಯಾಲರಿಯವರಿಗೆ ಇದು ತಲೆಗೆ ಹೋಗುತ್ತಿಲ್ಲ. ಅವರಿಗೆ ಬೇಕಾಗಿರುವುದು ‘ಮೊದಲು–ಆಮೇಲೆ’. ಇಸವಿ ಪ್ರಕಾರ ಸಾಲಾಗಿ ತೂಗುಹಾಕಿ, ಬಾಗಿಲಲ್ಲಿ ನನ್ನ ಹಳೆ ಫೋಟೋ ಒಂದು ದೊಡ್ಡದು ಮಾಡಿ ಹಾಕೋಣ ಅನ್ನುತ್ತಾರೆ. ಜೊತೆಗೆ ‘ಅರ್ಧನಾರೀಶ್ವರ ಒಂದಾದರೂ ಇಲ್ವಾ?’ ಅಂತ ಬೇರೆ ಕೇಳಿದರು. ನಮ್ಮೂರಿನ ಮೊದಲನೇ ಗುಹೆಯಲ್ಲೇ ಅರ್ಧನಾರೀಶ್ವರ ಇದ್ದಾನೆ. ಓದುವಾಗ ಅದರ ಮುಂದೆ ಕೂತು ಎಷ್ಟೋ ಸ್ಕೆಚ್ ಮಾಡಿದ್ದೇನೆ. ಬಹಳ ಚೆಂದದ ಕೆತ್ತನೆ. ಆದರೆ ನಾನು ಅರ್ಧ ಅರ್ಧ ಅಲ್ಲ, ಪೂರ್ತಿ ಹೆಂಗಸು. ಅದನ್ನು ಬರೆಯಲ್ಲ ಅಂದೆ, ಮುಖ ಸಪ್ಪೆ ಮಾಡಿಕೊಂಡರು.

ಎರಡನೆಯದು ಸಹಿ. ಹಳೆ ಚಿತ್ರಗಳ ಬಲ ಮೂಲೆಯಲ್ಲಿ ಕೆಂಪು ಬಣ್ಣದಲ್ಲಿ, ಕನ್ನಡದಲ್ಲಿ, ದೊಡ್ಡದಾಗಿ ಹಳೆ ಹೆಸರು ಬರೆದಿದ್ದೇನೆ. ಆ ವಯಸ್ಸಿನಲ್ಲಿ ಸಹಿ ಹಾಕುವುದೇ ಒಂದು ಸಂಭ್ರಮ! ಅದರ ಮೇಲೆ ಬಣ್ಣ ಬಳಿದುಬಿಡಲಾ? ಒಂದೆರಡು ಚಿತ್ರ ಮಾರಿಹೋಗಿವೆ, ಕೊಂಡವರು ಪ್ರದರ್ಶನಕ್ಕೆ ಕೊಡಲು ಒಪ್ಪಿದ್ದಾರೆ. ಅವುಗಳನ್ನು ಏನು ಮಾಡಲಿ?

ಸುಮ್ನೆ ಒಬ್ಬ

ಹಳೆ ಹೆಸರನ್ನೇ ಇಟ್ಟುಕೊಳ್ಳಿ ಮೇಡಂ. ಕೊಳ್ಳುವವರಿಗೆ ಗೊಂದಲ ಆಗಬಾರದು. ಕಲಾವಿದರಿಗೆ ಹೆಸರೇ ಬಂಡವಾಳ ಅಲ್ವಾ?

ಚೌಕಟ್ಟು ಅಂಗಡಿ

ಮೊದಲು ಕ್ಯಾನ್ವಾಸ್ ವಿಷಯ ಮುಗಿಸೋಣ. ನಾನು ಫ್ರೇಮ್ ಹಾಕುವವನು, ಹಳೆ ಚಿತ್ರಗಳ ಸಣ್ಣಪುಟ್ಟ ರಿಪೇರಿಯನ್ನೂ ಮಾಡುತ್ತೇನೆ.

ಬಣ್ಣ ಬಳಿಯಬೇಡಿ. ಕಾರಣ ಭಾವನೆ ಅಲ್ಲ, ರಸಾಯನ. ಎಣ್ಣೆ ಬಣ್ಣ ವರ್ಷ ಕಳೆದಂತೆ ಪಾರದರ್ಶಕ ಆಗುತ್ತಾ ಹೋಗುತ್ತದೆ. ಹಳೆ ಯುರೋಪಿನ ಚಿತ್ರಗಳಲ್ಲಿ ಕಲಾವಿದ ಅಳಿಸಿ ತಿದ್ದಿದ ಕೈ, ಟೋಪಿ, ನಾಯಿ ಎಲ್ಲ ನೂರಾರು ವರ್ಷದ ಮೇಲೆ ಮಸುಕಾಗಿ ಎದ್ದು ಬಂದಿರುವುದು ಇದೇ ಕಾರಣಕ್ಕೆ. ಕೆಂಪು ಸಹಿಯ ಮೇಲೆ ತೆಳ್ಳಗೆ ಬಳಿದರೆ ಅದು ಒಂದು ದಿನ ಇಣುಕುತ್ತದೆ. ದಪ್ಪ ಬಳಿದರೆ ಪಕ್ಕದಿಂದ ಬೆಳಕು ಬಿದ್ದಾಗ ಅಲ್ಲೊಂದು ತೇಪೆ ಕಾಣುತ್ತದೆ, ನೋಡುವವರು ಮೊದಲು ಅದನ್ನೇ ನೋಡುತ್ತಾರೆ.

ಸಹಿ ಹಾಕಿದ್ದು ಯಾವಾಗ ಅಂತ ನೆನಪಿದೆಯಾ? ಚಿತ್ರ ಹಸಿ ಇರುವಾಗಲೇ ಹಾಕಿದ್ದರೆ ಅದು ಕೆಳಗಿನ ಪದರದ ಜೊತೆ ಬೆರೆತುಹೋಗಿದೆ, ತೆಗೆಯಲು ಹೋದರೆ ಚಿತ್ರವೂ ಕಿತ್ತು ಬರುತ್ತದೆ. ವಾರ್ನಿಶ್ ಆದ ಮೇಲೆ ಹಾಕಿದ್ದರೆ ವಾರ್ನಿಶ್ ಜೊತೆಗೆ ತೆಗೆಯಬಹುದು, ಆದರೆ ಅದು ಕೈ ಪಳಗಿದವರ ಕೆಲಸ. ಮನೆಯಲ್ಲಿ ಟರ್ಪೆಂಟೈನ್ ಹಿಡಿದುಕೊಂಡು ಕೂರಬೇಡಿ ದಯವಿಟ್ಟು.

ಸುಲಭದ ದಾರಿ ಇದೆ. ಫ್ರೇಮಿನ ಒಳ ಅಂಚು ಹೇಗಿದ್ದರೂ ಚಿತ್ರದ ಅರ್ಧ ಸೆಂಟಿಮೀಟರಿನಷ್ಟು ಮುಚ್ಚುತ್ತದೆ. ಅದರೊಳಗೆ ಇನ್ನೊಂದು ಅಗಲದ ಮರದ ಪಟ್ಟಿ ಕೂರಿಸಿದರೆ ಅಂಚಿನ ಹತ್ತಿರ ಇರುವ ಸಹಿ ಮುಚ್ಚಿಹೋಗುತ್ತದೆ, ಚಿತ್ರಕ್ಕೆ ಏನೂ ಆಗುವುದಿಲ್ಲ. ಹೊಸ ಹೆಸರನ್ನು ಹಿಂದೆ ಬರೆಯಿರಿ. ಬರೆಯುವುದು ಕ್ಯಾನ್ವಾಸ್ ಬಿಗಿದಿರುವ ಮರದ ಸ್ಟ್ರೆಚರ್ ಮೇಲೆ, ಮೆತ್ತನೆ ಪೆನ್ಸಿಲ್‌ನಲ್ಲಿ. ಬಟ್ಟೆಯ ಮೇಲೆ ಬಾಲ್ ಪೆನ್ ಒತ್ತಿದರೆ ಮುಂದೆ ಗೆರೆ ಮೂಡುತ್ತದೆ, ಮಾರ್ಕರ್ ಶಾಯಿ ಇಳಿದು ಬರುತ್ತದೆ.

ಮಾರಿದ ಚಿತ್ರಗಳನ್ನು ಮಾಲೀಕರನ್ನು ಕೇಳದೆ ಮುಟ್ಟಬೇಡಿ. ಆದರೆ ಪಕ್ಕದ ಚೀಟಿಯಲ್ಲಿ ಯಾವ ಹೆಸರು ಅನ್ನುವುದು ಅವರ ಇಷ್ಟ ಅಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಕೃತಿಸ್ವಾಮ್ಯವನ್ನು ಬೇರೆಯವರಿಗೆ ಬರೆದುಕೊಟ್ಟ ಮೇಲೂ ‘ಇದು ಮಾಡಿದ್ದು ನಾನು’ ಅನ್ನುವ ಹಕ್ಕು ಮಾಡಿದವರ ಹತ್ತಿರವೇ ಉಳಿಯುತ್ತದೆ. ಶಿಲ್ಪಿ ಅಮರನಾಥ್ ಸೆಹಗಲ್ ಕೇಸು ಕೇಳಿರಬಹುದು. ದೆಹಲಿಯ ವಿಜ್ಞಾನ ಭವನಕ್ಕೆ ಅವರು ಮಾಡಿದ ಕಂಚಿನ ದೊಡ್ಡ ಕೆಲಸವನ್ನು ಸರ್ಕಾರ ಕಿತ್ತು ಗೋದಾಮಿಗೆ ಹಾಕಿತ್ತು. ಅದು ಸರ್ಕಾರದ್ದೇ ಸ್ವತ್ತು. ಆದರೂ 2005ರಲ್ಲಿ ದೆಹಲಿ ಹೈಕೋರ್ಟ್ ಸೆಹಗಲ್ ಪರ ತೀರ್ಪು ಕೊಟ್ಟು, ಐದು ಲಕ್ಷ ಪರಿಹಾರ ಕೊಡಬೇಕು ಅಂತ ಹೇಳಿತು. ಗ್ಯಾಲರಿ ಜೊತೆ ಕಾಗದ ಮಾಡಿಕೊಳ್ಳುವಾಗ ಚೀಟಿ, ಕ್ಯಾಟಲಾಗು, ಪ್ರೆಸ್ ನೋಟು ಎಲ್ಲದರಲ್ಲೂ ಯಾವ ಹೆಸರು ಅಂತ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಆರ್ಹುಸ್ ಕನ್ನಡಿಗ

ನಾನು ಕಲಾವಿದನಲ್ಲ, ಡೆನ್ಮಾರ್ಕ್‌ನಲ್ಲಿ ಕೆಲಸ ಮಾಡುವ ಎಂಜಿನಿಯರ್. ಆದರೂ ಈ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ. ನಮ್ಮಿಂದ ಸ್ವಲ್ಪ ದಕ್ಷಿಣಕ್ಕೆ ವೈಲೆ ಅನ್ನುವ ಊರಿದೆ. ಹೆಣ್ಣಾಗಲು ಆಪರೇಷನ್ ಮಾಡಿಸಿಕೊಂಡ ಮೊದಲಿಗರಲ್ಲಿ ಒಬ್ಬರಾದ ಲಿಲಿ ಎಲ್ಬೆ ಹುಟ್ಟಿದ್ದು ಅಲ್ಲಿ, 1882ರಲ್ಲಿ.

ಲಿಲಿ ಹೆಸರು ಕೇಳಿದವರಿಗೂ ಗೊತ್ತಿರುವುದು ಆಪರೇಷನ್ ಕಥೆ ಮಾತ್ರ. ಬರ್ಲಿನ್, ಡ್ರೆಸ್ಡೆನ್, 1931ರಲ್ಲಿ ಸಾವು. ಅವರು ಒಳ್ಳೆಯ ನಿಸರ್ಗ ಚಿತ್ರಕಾರರಾಗಿದ್ದರು ಅನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಆ ಚಿತ್ರಗಳ ಮೇಲೆ ಇರುವುದು ಐನಾರ್ ವೆಗೆನರ್ ಅನ್ನುವ ಸಹಿ. (ಹಳೆ ಹೆಸರು ಹೇಳಬೇಕಾಗಿ ಬಂದಿರುವುದು ಅದಕ್ಕೇ, ಬೇಸರ ಮಾಡಿಕೊಳ್ಳಬೇಡಿ.) 1907ರಲ್ಲಿ ನೊಯ್‌ಹೌಸೆನ್ ಪ್ರಶಸ್ತಿಯೂ ಬಂದಿತ್ತು. ಹೆಂಡತಿ ಗೆರ್ಡಾ ಸಹ ಚಿತ್ರಕಾರ್ತಿ. ಮಾಡೆಲ್ ಆಗಬೇಕಿದ್ದ ನಟಿ ಬರಲಿಲ್ಲ ಅಂತ ಗೆರ್ಡಾ ಗಂಡನಿಗೇ ಕಾಲುಚೀಲ, ಹೆಂಗಸರ ಬೂಟು ಹಾಕಿಸಿ ನಿಲ್ಲಿಸಿದಳಂತೆ. ಅಲ್ಲಿಂದ ಶುರು. 1912ರಲ್ಲಿ ಇಬ್ಬರೂ ಪ್ಯಾರಿಸ್‌ಗೆ ಹೋದರು. ಗೆರ್ಡಾ ಬರೆದ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ಬಾದಾಮಿ ಕಣ್ಣಿನ ಹೆಂಗಸು ಲಿಲಿಯೇ.

2015ರಲ್ಲಿ ಕೋಪನ್‌ಹೇಗನ್ ಹತ್ತಿರದ ಆರ್ಕೆನ್ ಮ್ಯೂಸಿಯಮ್ಮಿನಲ್ಲಿ ಗೆರ್ಡಾ ಚಿತ್ರಗಳ ದೊಡ್ಡ ಪ್ರದರ್ಶನ ಇಟ್ಟಿದ್ದರು. ಸಂಸಾರ ಸಮೇತ ಹೋಗಿದ್ದೆ. 1928ರ ಒಂದು ಚಿತ್ರದಲ್ಲಿ ಲಿಲಿ ಇಸ್ಪೀಟ್ ಎಲೆ ಇಟ್ಟುಕೊಂಡು ಕೂತಿದ್ದಾರೆ. ನೋಟದಲ್ಲಿ ಯಾರ ಹಂಗೂ ಇಲ್ಲ. ಅದರ ಮುಂದೆ ನಾನು ತುಂಬಾ ಹೊತ್ತು ನಿಂತೆ, ಮಕ್ಕಳು ಬೇಜಾರಾಗಿ ಹೊರಗೆ ಓಡಿದರು. ಆದರೆ ಅಲ್ಲಿದ್ದ ಲಿಲಿಯೆಲ್ಲ ಗೆರ್ಡಾ ಕಂಡ ಲಿಲಿ. ಪ್ರೀತಿಯಿಂದ ಬರೆದದ್ದೇ, ಒಪ್ಪೋಣ. ಆದರೂ ಮಾಡೆಲ್ ಮಾಡೆಲ್ಲೇ. ಲಿಲಿಯಾಗಿ ಬದುಕಲು ಶುರು ಮಾಡಿದ ಮೇಲೆ ಅವರು ಕುಂಚವನ್ನೇ ಬಿಟ್ಟರು. ಚಿತ್ರ ಬರೆಯುವುದು ಐನಾರ್‌ನ ಕೆಲಸ, ನನ್ನದಲ್ಲ ಅನ್ನುವ ಭಾವನೆ ಅವರಿಗೆ ಇತ್ತು. ಸಹಿಯ ಜೊತೆಗೆ ಕೈಯನ್ನೂ ಆ ಹಳೆ ಮನುಷ್ಯನಿಗೆ ಬಿಟ್ಟುಕೊಟ್ಟ ಹಾಗಾಯಿತು. ನನಗೆ ಅವರ ಸಾವಿಗಿಂತ ಇದೇ ಜಾಸ್ತಿ ಸಂಕಟ ಕೊಟ್ಟಿದ್ದು.

ಅದಕ್ಕೇ ನಿಮ್ಮ ಗದ್ದದ ಮಾತು ಓದಿ ಖುಷಿಯಾಯಿತು ಅಕ್ಕ. ಲಿಲಿ ತನ್ನ ಮುಖವನ್ನು ತಾನೇ ಬರೆದಿದ್ದರೆ ಯಾವ ಬಣ್ಣ ಹಾಕುತ್ತಿದ್ದರೋ ಅಂತ ಯೋಚಿಸುತ್ತಿದ್ದೇನೆ. ಹಳೆ ಚಿತ್ರಗಳನ್ನೂ ನಿಮ್ಮ ಹೆಸರಲ್ಲೇ ಇಡಿ. ಬರೆದ ಕೈ ನಿಮ್ಮದು.

ಗೋಡೆ ಬಣ್ಣ

@ಸುಮ್ನೆ ಒಬ್ಬ: ಮದುವೆಯಾಗಿ ಹೆಸರು ಬದಲಾದವರ ಚಿತ್ರ ಕೊಳ್ಳುವಾಗ ಯಾರಿಗೂ ಗೊಂದಲ ಆಗಲ್ಲ. ನಮ್ಮ ಹೆಸರಿಗೆ ಮಾತ್ರ ಗೊಂದಲ. ಇರಲಿ.

ಮಲಪ್ರಭೆ ಅಕ್ಕ, ನಾನೂ ಟ್ರಾನ್ಸ್ ಸಮುದಾಯದವಳೇ. ಬೆಂಗಳೂರಿನಲ್ಲಿ ಗೋಡೆ ಚಿತ್ರ ಮಾಡುವ ತಂಡಗಳ ಜೊತೆ ಏಣಿ ಹತ್ತಿದವಳು. ಇಲ್ಲಿ 2016ರಲ್ಲಿ ಪೂರ್ಣಿಮಾ ಸುಕುಮಾರ್ ನಮ್ಮವರನ್ನು ಸೇರಿಸಿಕೊಂಡು ಗೋಡೆ ಚಿತ್ರ ಬರೆಯುವ ಅರವಾನಿ ಆರ್ಟ್ ಪ್ರಾಜೆಕ್ಟ್ ಶುರು ಮಾಡಿದಾಗ, ನಮ್ಮವರು ಬಣ್ಣದ ಡಬ್ಬ ಹಿಡಿದು ರಸ್ತೆಗೆ ಬರುವುದೇ ಜನಕ್ಕೆ ಸೋಜಿಗ ಆಗಿತ್ತು. 2024ರಲ್ಲಿ ಅದೇ ತಂಡ ಇಟಲಿಯ ವೆನಿಸ್ ಬಿನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನದಲ್ಲಿ ಗೋಡೆ ತುಂಬ ಚಿತ್ರ ಬರೆದು ಬಂತು. ಹಾಗಾಗಿ ಗ್ಯಾಲರಿಯವರು ‘ಜನಕ್ಕೆ ಅರ್ಥ ಆಗಲ್ಲ’ ಅಂದರೆ ನಂಬಬೇಡಿ. ಮಾರ್ಕೆಟ್ಟಿನಲ್ಲಿ ಹೂ ಕಟ್ಟುವವರು ನಿಂತು ನೋಡಿ ‘ಇದು ಯಾರ ಮುಖ?’ ಅಂತ ಕೇಳುತ್ತಾರೆ, ಸರಿಯಾಗೇ ಕೇಳುತ್ತಾರೆ. ತೊಂದರೆ ಕೊಡುವುದು ಓದಿದವರು. ‘ಆಪರೇಷನ್ ಆಯ್ತಾ?’ ಅಂತ ವೈನ್ ಗ್ಲಾಸ್ ಹಿಡಿದುಕೊಂಡು ಕೇಳುತ್ತಾರೆ. ಅದಕ್ಕೆ ಉತ್ತರ ಈಗಲೇ ರೆಡಿ ಮಾಡಿಕೊಳ್ಳಿ. ನಾನು ‘ನಿಮ್ಮದು ಆಯ್ತಾ?’ ಅಂತೀನಿ.

ಹಳೆ ಫೋಟೋ ಬಾಗಿಲಲ್ಲಿ ಬೇಡವೇ ಬೇಡ. ಫೋಟೋ ನೋಡಿ ಒಳಗೆ ಬಂದವರು ಪ್ರತಿ ಚಿತ್ರದಲ್ಲೂ ಆ ಮುಖವನ್ನೇ ಹುಡುಕುತ್ತಾರೆ. ನೀವು ಟೆರ್ ವೆರ್ಟ್ ಎಳೆದದ್ದೆಲ್ಲ ದಂಡ. ಬರೋಡದ ಭೂಪೇನ್ ಖಾಖರ್ ನೆನಪಾಗುತ್ತಾರೆ. ಅವರು ಅಕೌಂಟೆಂಟ್ ಕೆಲಸ ಮಾಡಿಕೊಂಡೇ ಚಿತ್ರ ಬರೆಯುತ್ತಿದ್ದವರು. ತಾನು ಗಂಡಸರನ್ನು ಪ್ರೀತಿಸುವವನು ಅಂತ 1981ರ ‘ಯೂ ಕಾಂಟ್ ಪ್ಲೀಸ್ ಆಲ್’ ಚಿತ್ರದಲ್ಲಿ ಹೇಳಿಕೊಂಡರು. ಹೇಗೆ? ಬಟ್ಟೆ ಇಲ್ಲದ ಒಬ್ಬ ಗಂಡಸು ಬಾಲ್ಕನಿಯಲ್ಲಿ ನಮಗೆ ಬೆನ್ನು ಹಾಕಿ ನಿಂತಿದ್ದಾನೆ, ಕೆಳಗೆ ಅಪ್ಪ ಮಗ ಕತ್ತೆ ಕಥೆ ನಡೆಯುತ್ತಿದೆ. ಮುಖವನ್ನು ನಮ್ಮ ಕಡೆ ತಿರುಗಿಸಲೇ ಇಲ್ಲ. ಎಷ್ಟು ತೋರಿಸಬೇಕು ಅನ್ನುವುದನ್ನು ಅವರೇ ತೀರ್ಮಾನಿಸಿದರು.

ಗೋಡೆಯ ಮೇಲಿನ ಬರಹವನ್ನು ಗ್ಯಾಲರಿಯವರಿಗೆ ಬಿಡಬೇಡಿ. ನೀವೇ ಬರೆಯಿರಿ, ಮೊದಲು ಕನ್ನಡದಲ್ಲಿ. ಅವರಿಗೆ ಬಿಟ್ಟರೆ ‘ನೋವು’, ‘ಹೋರಾಟ’, ‘ತಪ್ಪು ದೇಹದಲ್ಲಿ ಸಿಕ್ಕಿಬಿದ್ದ’ ಇವು ಮೂರೂ ಮೊದಲ ಪ್ಯಾರಾದಲ್ಲೇ ಬಂದಿರುತ್ತವೆ. ಇನ್ನು ಇಸವಿ ಪ್ರಕಾರ ಜೋಡಿಸಬೇಡಿ. ಒಂದು ಹಳೆಯದು, ಪಕ್ಕದಲ್ಲಿ ಒಂದು ಹೊಸದು. ಗದ್ದಗಳು ಒಂದೇ ಎತ್ತರದಲ್ಲಿ ಬರಲಿ. ನೋಡುವವರೇ ಯಾವುದು ಮೊದಲು ಅಂತ ಒದ್ದಾಡಲಿ.

ಮಲಪ್ರಭೆ

ಎಲ್ಲರಿಗೂ ಥ್ಯಾಂಕ್ಸ್. @ಗೋಡೆ ಬಣ್ಣ, ‘ಗದ್ದಗಳು ಒಂದೇ ಎತ್ತರದಲ್ಲಿ’ ಅನ್ನುವುದನ್ನು ನಿನ್ನೆಯೇ ಮನೆಯ ಗೋಡೆಗೆ ಒರಗಿಸಿ ನೋಡಿದೆ. ಸಣ್ಣ ಕ್ಯಾನ್ವಾಸ್‌ಗಳ ಕೆಳಗೆ ಪುಸ್ತಕ ಜೋಡಿಸಿ ಸಮ ಮಾಡಬೇಕಾಯಿತು. ಅವ್ವ ಬಂದು ಕಾಲೇಜಿನ ಒಂದು ಚಿತ್ರ ತೋರಿಸಿ ‘ಇದು ಈಗಿಂದಲ್ಲೇನ?’ ಅಂದಳು. ನಾನು ಹೇಳಬೇಕಾಗಿದ್ದು ಅವಳಿಗೆ ಮುಟ್ಟಿತು ಅಂತ ಅನ್ನಿಸಿ, ಇಸವಿ ಸಾಲು ಬೇಡ ಅಂತ ಗ್ಯಾಲರಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಫೋಟೋ ಇಲ್ಲ ಅಂತಲೂ ಹೇಳಿದೆ. ಸ್ವಲ್ಪ ಗೊಣಗಿದರು, ಒಪ್ಪಿದ್ದಾರೆ. ಅರ್ಧನಾರೀಶ್ವರನ ಆಸೆ ಇನ್ನೂ ಬಿಟ್ಟಂತಿಲ್ಲ.

@ಆರ್ಹುಸ್ ಕನ್ನಡಿಗ, ಲಿಲಿ ಕುಂಚ ಬಿಟ್ಟ ವಿಷಯ ಗೊತ್ತಿರಲಿಲ್ಲ. ಹಾರ್ಮೋನ್ ಶುರು ಮಾಡಿದ ಹೊಸದರಲ್ಲಿ ನನಗೂ ಈಸೆಲ್ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಹಳೆ ಪ್ಯಾಲೆಟ್ ಮುಟ್ಟಿದರೆ ಬೇರೆ ಯಾರದ್ದೋ ಸಾಮಾನು ಮುಟ್ಟಿದ ಹಾಗೆ ಅನ್ನಿಸುತ್ತಿತ್ತು. ಒಂದಷ್ಟು ದಿನ ಬರೀ ಬಟ್ಟೆ ಹೊಲಿದೆ. ಆಮೇಲೆ ಹೊಟ್ಟೆಪಾಡಿಗೆ ಯಾರದ್ದೋ ಅಜ್ಜನ ಪೋರ್ಟ್ರೇಟ್ ಮಾಡುವಾಗ ಗದ್ದಕ್ಕೆ ಆ ಬಣ್ಣ ಕಲಸಿದೆ. ಪ್ಯಾಲೆಟ್ ಮೇಲೆ ಸ್ವಲ್ಪ ಉಳಿಯಿತು, ನನ್ನದಕ್ಕೆ ಹಚ್ಚಿದೆ.

@ಚೌಕಟ್ಟು ಅಂಗಡಿ, ಸಹಿ ಹಸಿಯಲ್ಲೇ ಹಾಕಿದ್ದು ಸರ್, ಹಾಗಾಗಿ ತೆಗೆಯುವ ಮಾತೇ ಇಲ್ಲ. ಪಟ್ಟಿ ಕೂರಿಸುವುದೇ ಸರಿ. ಆದರೆ ಒಂದು ಚಿತ್ರದಲ್ಲಿ ಸಹಿ ಅಂಚಿನಿಂದ ಮೇಲಿದೆ, ಕುತ್ತಿಗೆಯ ಪಕ್ಕದಲ್ಲೇ, ಯಾವ ಪಟ್ಟಿಗೂ ಸಿಗಲ್ಲ. ಅದನ್ನು ಹಾಗೇ ಇಟ್ಟು ಚೀಟಿಯಲ್ಲಿ ಮಾತ್ರ ನನ್ನ ಹೆಸರು ಹಾಕೋಣ ಅಂತಿದ್ದೇನೆ. ಕೇಳಿದವರು ಕೇಳಲಿ. ಫ್ರೇಮಿಗೆ ತೇಗ ಬೇಕಾ, ಪೈನ್ ಸಾಕಾ? ನಮ್ಮ ಕಡೆ ಸೆಕೆಗೆ ಪೈನ್ ತಿರುಚಿಕೊಳ್ಳುತ್ತದೆ ಅಂತ ಬಡಿಗೇರರು ಹೇಳುತ್ತಾರೆ.

ಚೌಕಟ್ಟು ಅಂಗಡಿ

ಚೆನ್ನಾಗಿ ಒಣಗಿದ ಪೈನ್ ಆದರೆ ಸಾಕು, ದುಡ್ಡು ಉಳಿಸಿ. ಬಾದಾಮಿಯಲ್ಲಿ ಮಾಡಿಸಬೇಡಿ, ಬೆಂಗಳೂರಿಗೆ ಕ್ಯಾನ್ವಾಸ್ ಮಾತ್ರ ತನ್ನಿ. ಬಸ್ಸಿನಲ್ಲಿ ಫ್ರೇಮ್ ಮೂಲೆ ಬಿಡುತ್ತವೆ. ಹೊಸ ಚಿತ್ರಗಳು ಒಣಗಿ ಆರು ತಿಂಗಳಾದರೂ ಆಗಿಲ್ಲ ಅಂದರೆ ಕೊನೆಯ ವಾರ್ನಿಶ್ ಹೊಡೆಯಬೇಡಿ, ತಾತ್ಕಾಲಿಕಕ್ಕೆ ಹಚ್ಚುವ ರೀಟಚ್ ವಾರ್ನಿಶ್ ತೆಳ್ಳಗೆ ಸಾಕು. ಬರುವಾಗ ಮುಖಕ್ಕೆ ಮುಖ ತಾಗದ ಹಾಗೆ ಮಧ್ಯೆ ಗ್ಲಾಸೀನ್ ಅನ್ನುವ ನುಣುಪು ಕಾಗದ ಇಟ್ಟು ಕಟ್ಟಿ.